ಸುಟ್ಟ ಕಣ್ಣಿನ ಕಂಬನಿ

ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದವರು ‘ಕಂಬನಿ’ ಎಂಬ ಮಾತನ್ನು ಮರೆತಿರಲಾರರು. ‘ಕಣ್’ ಎಂಬುದರ ಮುಂದೆ ‘ಪನಿ’ ಬಂದು, ಪಕಾರಕ್ಕೆ ಬಕಾರವು ಆದೇಶವಾಗಿ, ಕಂಬನಿಯಾಯಿತೆಂದು ಆದೇಶಸಂಧಿಗೆ ಉದಾಹರಣೆ ಕೊಡುವುದು ನಮ್ಮಂಥ ಪಂಡಿತರ ವಾಡಿಕೆ. ಪನಿ ಎಂದರೆ ಹನಿ. ಅಲಂಕಾರಶಾಸ್ತ್ರದವರು ಇದನ್ನೇ ಅಶ್ರು ಎಂದು ಕರೆದು, ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದನ್ನಾಗಿ ಎಣಿಸಿದರು. ಒಳಗೆ ನಡೆಯುತ್ತಿರುವುದನ್ನು ಹೊರಗೆ ತಿಳಿಸುವ ಗುರುತು ಅದು ಎಂಬುದು ಅವರ ಅಭಿಪ್ರಾಯ. ಈಚಿನ ನೇತ್ರವೈದ್ಯರು ಕಣ್ಣೀರನ್ನು ಕುರಿತು ಹೇಳುತ್ತಿರುವುದನ್ನು ಓದಿದಾಗ, ಇವರೂ ಕಂಬನಿಯನ್ನು ಒಳಗಿನ ಸ್ಥಿತಿಯ ಗುರುತೆಂದೇ ಹಿಡಿದಿದ್ದಾರಲ್ಲ ಎಂದು ನನಗೆ ಸಂತೋಷವಾಯಿತು. ಭೇದವಿಷ್ಟೆ: ಲಾಕ್ಷಣಿಕರಿಗೆ ಬೇಕಾದದ್ದು ಮನಸ್ಸಿನ ಸ್ಥಿತಿ, ವೈದ್ಯರಿಗೆ ಬೇಕಾದದ್ದು ಕಣ್ಣಿನದೇ ಸ್ಥಿತಿ. ಅದರಲ್ಲೂ ಸುಣ್ಣವೋ ಆಸಿಡ್ಡೋ ಬಿದ್ದು ಸುಟ್ಟು, ವರ್ಷಗಳ ಹಿಂದೆಯೇ ಮಾಯಿತೆಂದು ನಾವು ಕೈಬಿಟ್ಟ ಕಣ್ಣಿನ ಸ್ಥಿತಿ.

ಮೊದಲು ಕಣ್ಣೀರು ಎಂದರೇನು ಎಂಬುದನ್ನು ನೋಡೋಣ. ಬರೀ ಉಪ್ಪುನೀರು ಎಂದು ಸಾಮಾನ್ಯವಾಗಿ ತಿಳಿದಿದ್ದೇವೆ. ಆದರೆ ನಾವು ಅಳದೆ ಸುಮ್ಮನಿರುವಾಗಲೂ ಕಣ್ಣಿನ ಮೇಲೆ ಅತಿ ತೆಳುವಾದ ಒಂದು ನೀರಿನ ಪೊರೆ ಹರಡಿಕೊಂಡಿರುತ್ತದೆ. ರೆಪ್ಪೆ ಬಡಿದಾಗಲೆಲ್ಲ ಅದು ಹೊಸದಾಗಿ ಬಳಿದಂತಾಗುತ್ತದೆ. ಆ ಪೊರೆಯಲ್ಲಿ ತಳಕ್ಕೆ ಲೋಳೆಯುಂಟು, ನಡುವೆ ನೀರುಂಟು, ಮೇಲೆ ಎಣ್ಣೆಯ ಜಿಡ್ಡುಂಟು. ಅದೆಲ್ಲ ಎಷ್ಟು ಎನ್ನುತ್ತೀರಿ? ಒಂದು ಕಣ್ಣಿನಲ್ಲಿ ಸುಮಾರು 7 ಮೈಕ್ರೊಲೀಟರು. ಔಷಧದ ಶೀಶೆಯಿಂದ ಬೀಳುವ ಒಂದೇ ಒಂದು ಹನಿ 40–50 ಮೈಕ್ರೊಲೀಟರು ಇರುತ್ತದೆ. ಅದರ ಆರರಲ್ಲೊಂದು ಪಾಲು ಎಂದಿಟ್ಟುಕೊಳ್ಳಿ. ಈ ಅಲ್ಪದಲ್ಲೇ ನಮ್ಮ ಹಳೆಯ ಪಠ್ಯಪುಸ್ತಕಗಳು ಸಸಾರಜನಕ ಎನ್ನುತ್ತಿದ್ದ ಪ್ರೋಟೀನುಗಳು ಕರಗಿರುತ್ತವೆ. ಒಂದು ಮಿಲಿಲೀಟರು ಕಣ್ಣೀರಿಗೆ 6ರಿಂದ 10 ಮಿಲಿಗ್ರಾಂ ಎಂದು ಲೆಕ್ಕ.

ಈ ವಿದ್ಯೆಗೆ ಮೊದಲ ಹೆಜ್ಜೆ ಹಾಕಿದವರು, ಮುಂದೆ 1928ರಲ್ಲಿ ಪೆನಿಸಿಲಿನ್ನನ್ನು ಕಂಡ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ ಎಂಬುದು ಅನೇಕರಿಗೆ ತಿಳಿಯದು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ 1921ರಲ್ಲಿ ನೆಗಡಿಯಾಗಿದ್ದಾಗ ಅವರು ತಮ್ಮ ಮೂಗಿನ ಸಿಂಬಳವನ್ನೇ ಪರೀಕ್ಷೆಗೆ ಹಚ್ಚಿದರು. ಅದು ಕೆಲವು ಬಗೆಯ ಸೂಕ್ಷ್ಮಜೀವಿಗಳನ್ನು ಕರಗಿಸಿಬಿಟ್ಟಿತು. ಆ ಗುಣ ಕಣ್ಣೀರಿನಲ್ಲಿಯೂ ಇದೆಯೆಂದು ಕಂಡುಬಂದ ಮೇಲೆ ಪ್ರಯೋಗಶಾಲೆಯಲ್ಲಿ ಎಲ್ಲರೂ ಅಳಬೇಕಾಯಿತು. ಕಣ್ಣಿಗೆ ನಿಂಬೆಯ ಸಿಪ್ಪೆ ಹಿಂಡಿ ನೀರು ತರಿಸುತ್ತಿದ್ದರಂತೆ. ಅಲ್ಲಿನ ಜವಾನರಿಗೆ ಅದಕ್ಕಾಗಿ ಚಿಲ್ಲರೆ ಕಾಸು ಕೂಡ ಸಿಗುತ್ತಿತ್ತಂತೆ. ಅತ್ತದ್ದಕ್ಕೆ ಸಂಬಳ ಪಡೆದವರು ಲೋಕದಲ್ಲಿ ಅವರೊಬ್ಬರೇ ಇರಬೇಕು. 1922ರಲ್ಲಿ ಪ್ರಕಟವಾದ ಆ ವಸ್ತುವೇ ಲೈಸೊಜೈಮ್. ಅದರ ಜತೆಗೆ, ಸೂಕ್ಷ್ಮಜೀವಿಗಳಿಗೆ ಬೇಕಾದ ಕಬ್ಬಿಣದ ಅಂಶವನ್ನು ತಾನೇ ಹಿಡಿದಿಟ್ಟುಕೊಂಡು ಅವನ್ನು ಉಪವಾಸ ಕೆಡಹುವ ಲ್ಯಾಕ್ಟೊಫೆರಿನ್, ಜಿಡ್ಡನ್ನು ಸಾಗಿಸುವ ಲೈಪೊಕ್ಯಾಲಿನ್, ರೋಗವನ್ನೆದುರಿಸುವ ಪ್ರತಿಕಾಯಗಳು, ಇವು ಕಣ್ಣೀರಿನ ಮುಖ್ಯ ಪ್ರೋಟೀನುಗಳು. ಉಳಿದವು ಅಲ್ಪ ಪ್ರಮಾಣದವು. ಆದರೆ ಸಂಖ್ಯೆ ಅಲ್ಪವಲ್ಲ. 2012ರಲ್ಲಿ ಸಿಂಗಪುರದ ಸಂಶೋಧಕರು ಆರೋಗ್ಯವಂತರ ಕಣ್ಣೀರಿನಲ್ಲಿ 1500ಕ್ಕೂ ಹೆಚ್ಚು ಪ್ರೋಟೀನುಗಳನ್ನು ಗುರುತು ಹಿಡಿದರು.

ಇನ್ನು ಸುಡುವ ವಸ್ತುಗಳ ಮಾತು. ನಮ್ಮ ನಾಡಿನಲ್ಲಿ ಕಣ್ಣಿಗೆ ಶತ್ರುವೆಂದರೆ ಸುಣ್ಣ. ಗೋಡೆಗೆ ಬಳಿಯುವ ಸುಣ್ಣ, ಗಾರೆಯ ಸುಣ್ಣ, ಕೊನೆಗೆ ಊಟವಾದ ಮೇಲೆ ವೀಳ್ಯದೆಲೆಗೆ ಸವರುವ ಸುಣ್ಣ ಕೂಡ. ತಾಂಬೂಲವಿಲ್ಲದೆ ಮಂಗಳಕಾರ್ಯವಿಲ್ಲ, ಸುಣ್ಣವಿಲ್ಲದೆ ತಾಂಬೂಲವಿಲ್ಲ. ಆದ್ದರಿಂದ ಅದನ್ನು ವಿಷವೆಂದು ನಾವು ಭಾವಿಸುವುದೇ ಇಲ್ಲ. ಈಗ ಅದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಮಕ್ಕಳು ಅದನ್ನು ಆಟಕ್ಕೆ ಹಿಡಿದು ಒತ್ತುತ್ತಾರೆ. ಪೊಟ್ಟಣ ಒಡೆದು ಸುಣ್ಣ ನೇರವಾಗಿ ಕಣ್ಣಿಗೆ ಚಿಮ್ಮುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು 2006ರಲ್ಲಿಯೇ ಇಂಥ ಪೊಟ್ಟಣಗಳಿಂದ ಕಣ್ಣು ತೀವ್ರವಾಗಿ ಸುಟ್ಟುಕೊಂಡ ಪ್ರಕರಣಗಳನ್ನು ವರದಿಮಾಡಿ ಎಚ್ಚರಿಸಿದ್ದರು.

ಹುಳಿಗಿಂತ ಕ್ಷಾರ ಹೆಚ್ಚು ಕೆಡುಕು ಮಾಡುವುದೇಕೆ? ಅಡಿಗೆಮನೆಯಲ್ಲೇ ಇದಕ್ಕೆ ಉತ್ತರವುಂಟು. ಹಾಲಿಗೆ ಹುಳಿ ಹಿಂಡಿದರೆ ಅದು ಒಡೆದು ಗರಣೆಗಟ್ಟುತ್ತದೆ. ಆಸಿಡ್ ಕಣ್ಣಿನ ಮೇಲೆ ಬಿದ್ದಾಗಲೂ ಪ್ರೋಟೀನುಗಳು ಹಾಗೆಯೇ ಗರಣೆಗಟ್ಟಿ, ಆ ಗರಣೆಯೇ ಆಸಿಡ್ ಇನ್ನೂ ಒಳಗೆ ಹೋಗದಂತೆ ಒಂದಿಷ್ಟು ಅಡ್ಡಗಟ್ಟುತ್ತದೆ. ಹಾಗೆಂದು ಆಸಿಡ್ಡನ್ನು ಹಗುರವಾಗಿ ಎಣಿಸಬೇಕಾಗಿಲ್ಲ. ಪ್ರಬಲವಾದ ಆಸಿಡ್ ಕಣ್ಣನ್ನು ಪೂರ್ತಿ ಕಳೆಯಬಲ್ಲದು. ಕ್ಷಾರವಾದರೋ ಜಿಡ್ಡನ್ನು ಸಾಬೂನು ಮಾಡುವ ಪದಾರ್ಥ. ಜೀವಕೋಶದ ಸುತ್ತಿನ ಪೊರೆಯಲ್ಲಿರುವುದು ಜಿಡ್ಡೇ. ಅದನ್ನು ಕರಗಿಸಿಕೊಂಡು ಕ್ಷಾರವು ತಡೆಯಿಲ್ಲದೆ ಆಳಕ್ಕೆ ಇಳಿಯುತ್ತದೆ. ಸುಣ್ಣದ ಹರಳು ರೆಪ್ಪೆಯ ಒಳಮಡಿಕೆಯಲ್ಲಿ ಸಿಕ್ಕಿಕೊಂಡರಂತೂ ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ.

ವಿಷಯ ಇಲ್ಲಿಗೆ ಬಂದದ್ದರಿಂದ ಒಂದು ಮಾತನ್ನು ಹೇಳಿಯೇ ಮುಂದುವರಿಯುತ್ತೇನೆ. ಕಣ್ಣಿಗೆ ಸುಣ್ಣ ಬಿದ್ದಾಗ ನಮ್ಮ ಮನೆಗಳಲ್ಲಿ ಹರಳೆಣ್ಣೆ ಬಿಡುವವರುಂಟು, ಬೆಣ್ಣೆ ಹಚ್ಚುವವರುಂಟು, ಬಾಣಂತಿಯ ಎದೆಹಾಲು ಹುಡುಕಿಕೊಂಡು ಓಡುವವರುಂಟು. ಸುಣ್ಣಕ್ಕೆ ಹುಳಿ ಮದ್ದೆಂದು ನಿಂಬೆರಸ ಹಿಂಡಿದ ಬುದ್ಧಿವಂತರ ಕತೆಯನ್ನೂ ಕೇಳಿದ್ದೇನೆ. ಇದಾವುದೂ ಕೂಡದು. ಒಡನೆಯೇ, ಇದ್ದಲ್ಲಿಯೇ, ಶುದ್ಧವಾದ ತಣ್ಣೀರನ್ನು ಧಾರಾಳವಾಗಿ ಸುರಿದು ಅರ್ಧ ಗಂಟೆಯಾದರೂ ತೊಳೆಯಬೇಕು, ರೆಪ್ಪೆಯನ್ನು ಬಿಡಿಸಿ ಹಿಡಿದು ಒಳಗೂ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಮುಂದೆ ಯಾವ ಶಸ್ತ್ರಚಿಕಿತ್ಸೆಯೂ ಮಾಡಲಾರದ ಉಪಕಾರವನ್ನು ಮೊದಲ ಐದು ನಿಮಿಷದ ನೀರು ಮಾಡುತ್ತದೆ.

ಇಷ್ಟಾದರೂ ಕೆಲವರ ಕಣ್ಣು ಕೆಡುತ್ತದೆ. ಅಲ್ಲಿಂದಾಚೆಗೆ ಆರಂಭವಾಗುವುದೇ ಇಂದಿನ ವಿಷಯ. ಕರಿಗುಡ್ಡೆಯ ಮುಂದೆ ಗಾಜಿನಂಥ ಒಂದು ಪಾರದರ್ಶಕ ಪಟಲವಿದೆ. ಕಾರ್ನಿಯಾ ಎಂದು ಅದರ ಹೆಸರು. ಅದರ ಮೇಲ್ಪದರ ದಿನದಿನವೂ ಸವೆದು ಹೊಸದಾಗುತ್ತಿರುತ್ತದೆ. ಹೊಸ ಜೀವಕೋಶಗಳು ಬರುವುದು ಕರಿಗುಡ್ಡೆ ಬಿಳಿಗುಡ್ಡೆಗಳು ಕೂಡುವ ಅಂಚಿನಿಂದ. ಅಲ್ಲಿ ಆಕರಕೋಶಗಳಿವೆ. ಗದ್ದೆಗೆ ಸಸಿಮಡಿ ಇದ್ದ ಹಾಗೆ ಕಾರ್ನಿಯಾಕ್ಕೆ ಈ ಅಂಚು. ಸಸಿಮಡಿಯೇ ಸುಟ್ಟರೆ ಗದ್ದೆಗೆ ಸಸಿಯೆಲ್ಲಿ? ಅಕ್ಕಪಕ್ಕದ ಬಿಳಿಗುಡ್ಡೆಯ ಪೊರೆಯೇ ಕಳೆಯಂತೆ ಹಬ್ಬಿ ಕಾರ್ನಿಯಾದ ಮೇಲೆ ಹತ್ತುತ್ತದೆ, ತನ್ನ ರಕ್ತನಾಳಗಳನ್ನೂ ಜತೆಗೆ ತರುತ್ತದೆ. ಗಾಜು ಹೋಗಿ ಗೋಡೆಯಾಗುತ್ತದೆ.

ನಮ್ಮ ಬೀದಿಯಲ್ಲಿ ಗಾರೆ ಕೆಲಸದವರೊಬ್ಬರಿದ್ದಾರೆ. ಎಡಗಣ್ಣಿಗೆ ಸುಣ್ಣದ ಬಿಸಿನೀರು ಸಿಡಿದು ಹನ್ನೆರಡು ವರ್ಷವಾಯಿತು. ಆ ಕಣ್ಣಿಗೆ ಬೆಳಕು ತಿಳಿಯುತ್ತದೆ, ಆಕಾರ ತಿಳಿಯುವುದಿಲ್ಲ. ಡಾಕ್ಟರ ಹತ್ತಿರ ಮತ್ತೊಮ್ಮೆ ತೋರಿಸಬಾರದೇ ಎಂದು ಕೇಳಿದರೆ, “ಅದು ಸತ್ತ ಕಣ್ಣು ಮೇಷ್ಟ್ರೆ, ಸತ್ತ ಮೇಲೆ ವೈದ್ಯ ಯಾತಕ್ಕೆ?” ಎನ್ನುತ್ತಾರೆ. ಆದರೆ ಗಾಳಿ ಬೀಸಿದರೆ ಆ ಕಣ್ಣು ಸುರಿಯುತ್ತದೆ. ವರ್ಷದಲ್ಲಿ ಮೂರು ನಾಲ್ಕು ಬಾರಿ ಕಾರಣವಿಲ್ಲದೆ ಕೆಂಪಾಗಿ ಚುಚ್ಚುತ್ತದೆ. ಸತ್ತದ್ದು ಅಳುತ್ತದೆಯೇ? ಆ ಕಣ್ಣು ಸತ್ತಿಲ್ಲ. ಅದರೊಳಗೆ ಉರಿ ಆರಿಲ್ಲ, ಅಷ್ಟೆ. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಹಾಗೆ.

ಈ ಉರಿ ಎಷ್ಟು ಕಾಲ ಉಳಿಯಬಲ್ಲದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು, ದುರ್ದೈವದಿಂದ, ಯುದ್ಧ. 1917ರ ಜುಲೈ ತಿಂಗಳಿನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಮೊದಲ ಬಾರಿಗೆ ಮಸ್ಟರ್ಡ್ ಅನಿಲವನ್ನು ಪ್ರಯೋಗಿಸಿತು. ಸುಣ್ಣಕ್ಕೂ ಇದಕ್ಕೂ ರಾಸಾಯನಿಕವಾಗಿ ಸಂಬಂಧವಿಲ್ಲ. ಸುಡುವ ಬಗೆಯೂ ಬೇರೆ. ಆದರೆ ಇದೂ ಕಣ್ಣನ್ನು ಸುಡುತ್ತದೆ. ಆಗ ಕಣ್ಣು ಬೇನೆ ಬಂದು ವಾಸಿಯಾಗಿ ಮನೆಗೆ ಹೋದ ಸಿಪಾಯಿಗಳಲ್ಲಿ ಕೆಲವರಿಗೆ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಮೇಲೆ ಕಾರ್ನಿಯಾ ಮತ್ತೆ ಹುಣ್ಣಾಗಿ ಮಬ್ಬಾಗತೊಡಗಿತು. ಇಂಗ್ಲೆಂಡಿನ ನೇತ್ರವೈದ್ಯೆ ಐಡಾ ಮ್ಯಾನ್ ಅವರು ಇಂಥ 84 ಮಂದಿಗೆ ಕಣ್ಣಿನ ಮೇಲೆ ಕೂರುವ ಕಾಂಟ್ಯಾಕ್ಟ್ ಲೆನ್ಸ್ ಅಳವಡಿಸಿದ್ದನ್ನು 1944ರಲ್ಲಿ ಬರೆದಿಟ್ಟರು. ಲೆಕ್ಕ ಹಾಕಿ: ಗಾಯಕ್ಕೂ ಆ ಬರಹಕ್ಕೂ ನಡುವೆ ಇಪ್ಪತ್ತೈದು ವರ್ಷಕ್ಕೂ ಮೇಲೆ.

ಮತ್ತೆ 1987ರ ಜೂನ್ 28ರಂದು, ಇರಾನ್–ಇರಾಕ್ ಯುದ್ಧದಲ್ಲಿ, ಇರಾನಿನ ವಾಯುವ್ಯ ಮೂಲೆಯ ಸರ್ದಷ್ಟ್ ಎಂಬ ಊರಿನ ಮೇಲೆ ಇರಾಕಿನ ವಿಮಾನಗಳು ಇದೇ ವಿಷವನ್ನು ಸುರಿದವು. ಅಲ್ಲಿದ್ದವರು ಸಿಪಾಯಿಗಳಲ್ಲ, ಸಂಸಾರಸ್ಥರು. ಇಪ್ಪತ್ತು ವರ್ಷ ಕಳೆದ ಮೇಲೆ ಇರಾನಿನ ವೈದ್ಯರು ಅಂದು ಅನಿಲ ತಾಗಿದ 372 ಮಂದಿಯನ್ನೂ ತಾಗದ 128 ಮಂದಿಯನ್ನೂ ಕೂಡಿಸಿ ದೀರ್ಘವಾದ ಅಧ್ಯಯನವನ್ನು ಕೈಗೊಂಡರು. ಕಣ್ಣು ತೀವ್ರವಾಗಿ ಕೆಟ್ಟ ಗಾಯಾಳುಗಳ ರಕ್ತವನ್ನಷ್ಟೇ ಅಲ್ಲದೆ ಕಣ್ಣೀರನ್ನೂ ಅಲ್ಲಿನ ಸಂಶೋಧಕರು ಪರೀಕ್ಷೆಗೆ ತೆಗೆದುಕೊಂಡರು. ಹಳೆಯ ಗಾಯದ ಇಂದಿನ ಸ್ಥಿತಿಯನ್ನು ತಿಳಿಯಲು ಕಣ್ಣಿಗೆ ಸೂಜಿ ಚುಚ್ಚಬೇಕಾಗಿಲ್ಲ, ಚೂರು ಕತ್ತರಿಸಬೇಕಾಗಿಲ್ಲ, ಅದು ತಾನಾಗಿ ಕೊಡುವ ಹನಿಯನ್ನೇ ಓದಬಹುದು ಎಂಬ ವಿಚಾರ ಹೀಗೆ ಬಲವಾಯಿತು.

ಓದುವುದು ಹೇಗೆ? ಹನಿಯನ್ನು ಹಿಡಿಯುವ ಸಾಧನ ಬಹಳ ಸಾದಾ. 1903ರಲ್ಲಿ ಜರ್ಮನಿಯ ಷಿರ್ಮರ್ ಎಂಬ ವೈದ್ಯರು ಸೋಸುಕಾಗದದ ಪಟ್ಟಿಯೊಂದನ್ನು ಬಳಕೆಗೆ ತಂದರು. ಈಗ ಅದರ ಅಗಲ 5 ಮಿಲಿಮೀಟರು, ಉದ್ದ 35. ಅದರ ತುದಿ ಮಡಿಸಿ ಕೆಳರೆಪ್ಪೆಯ ಒಳಗಿಟ್ಟು ಐದು ನಿಮಿಷ ಕಾದರೆ, ನೀರು ಎಷ್ಟು ದೂರ ಏರಿತೆಂಬುದರ ಮೇಲೆ ಕಣ್ಣು ಒಣಗಿದೆಯೇ ಇಲ್ಲವೇ ಎಂದು ಹೇಳುತ್ತಿದ್ದರು. ಇಂದು ಅದೇ ಒದ್ದೆ ಪಟ್ಟಿಯನ್ನು ಎಸೆಯದೆ ಕಡುಶೀತದಲ್ಲಿ ಕಾದಿಟ್ಟು, ಆಮೇಲೆ ಅದರಿಂದ ಪ್ರೋಟೀನುಗಳನ್ನು ತೊಳೆದು ತೆಗೆದು, ಒಂದೊಂದನ್ನೂ ಹೆಸರು ಹಿಡಿದು ಅಳೆಯುತ್ತಾರೆ. ಕೂದಲೆಳೆಯಂಥ ಗಾಜಿನ ಕೊಳವೆಯಿಂದ ಹೀರಿಕೊಳ್ಳುವ ಕ್ರಮವೂ ಉಂಟು. ನಮ್ಮ ಬೆಂಗಳೂರಿನಲ್ಲಿಯೇ ನಾರಾಯಣ ನೇತ್ರಾಲಯದ ಸಂಶೋಧಕರು ಒಣಗಣ್ಣು ಮೊದಲಾದ ಬೇನೆಗಳಲ್ಲಿ ಕಣ್ಣೀರಿನ ಈ ಅಳತೆಯನ್ನು ನಡೆಸುತ್ತಿದ್ದಾರೆ.

ಸುಟ್ಟ ಕಣ್ಣಿನಲ್ಲಿ ಅವರು ಹುಡುಕುವುದು ಮುಖ್ಯವಾಗಿ ಮೂರು ಬಗೆಯವನ್ನು. ಮೊದಲನೆಯವು ದೂತರು: ಉರಿಯೂತದ ಸುದ್ದಿಯನ್ನು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಮುಟ್ಟಿಸುವ ಪುಟ್ಟ ಪ್ರೋಟೀನುಗಳು. ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಎಂದು ಇವಕ್ಕೆ ಕಾವ್ಯಗುಣವಿಲ್ಲದ ಹೆಸರುಗಳು. (ಮೋಡವನ್ನೂ ಹಂಸವನ್ನೂ ದೂತರನ್ನಾಗಿ ಮಾಡಿದ ನಮ್ಮ ಕವಿಗಳಿಗೆ ಈ ದೂತರ ಪರಿಚಯವಿರಲಿಲ್ಲ.) ಇವು ಹೆಚ್ಚಿದ್ದರೆ ರಕ್ತದ ಬಿಳಿಯ ಕಣಗಳಿಗೆ ‘ಬನ್ನಿ’ ಎಂದು ಇನ್ನೂ ಕರೆ ಹೋಗುತ್ತಿದೆ ಎಂದರ್ಥ.

ಎರಡನೆಯವು ಕತ್ತರಿಗಳು. ಕಪ್ಪೆಮರಿಯ ಬಾಲ ಉದುರದೆ ಒಳಗೇ ಕರಗಿ ಮಾಯವಾಗುವುದನ್ನು ಮಳೆಗಾಲದಲ್ಲಿ ಹುಡುಗರೆಲ್ಲ ನೋಡಿರುತ್ತಾರೆ. ಅದು ಹೇಗೆ ಕರಗುತ್ತದೆಂದು ಹುಡುಕುತ್ತ, 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಷಾರ್ಲ್ ಲಾಪಿಯೇರ್ ಎಂಬಿಬ್ಬರು ಶರೀರದ ಗಟ್ಟಿ ನಾರುಗಳನ್ನೇ ಕತ್ತರಿಸುವ ಕಿಣ್ವವನ್ನು ಕಂಡುಹಿಡಿದರು. ಆ ವಂಶದ ಕಿಣ್ವಗಳೇ ಸುಟ್ಟ ಕಾರ್ನಿಯಾವನ್ನೂ ಕರಗಿಸುತ್ತವೆ. ಕಪ್ಪೆಮರಿಗೆ ಉಪಕಾರಿಯಾದದ್ದು ಕಣ್ಣಿಗೆ ಕೇಡಾಯಿತು. ಅವುಗಳಲ್ಲಿ ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್-9 ಎಂಬುದನ್ನು ಕಣ್ಣೀರಿನಲ್ಲಿ ವಿಶೇಷವಾಗಿ ಅಳೆಯುತ್ತಾರೆ. ಕತ್ತರಿಯನ್ನು ಒರೆಯಲ್ಲಿಡುವ ಪ್ರೋಟೀನುಗಳೂ ಶರೀರದಲ್ಲುಂಟು. ಆದ್ದರಿಂದ ಕತ್ತರಿ ಎಷ್ಟಿದೆ ಎಂಬುದರಂತೆ ಒರೆ ಎಷ್ಟಿದೆ ಎಂಬುದೂ ಮುಖ್ಯ.

ಮೂರನೆಯವು ರಕ್ತನಾಳಗಳನ್ನು ಬೆಳೆಸುವವು ಮತ್ತು ತಡೆಯುವವು. ಆರೋಗ್ಯವಾದ ಕಾರ್ನಿಯಾದಲ್ಲಿ ಒಂದು ರಕ್ತನಾಳವೂ ಇರದು. ಇದ್ದರೆ ಗಾಜಾಗುವುದು ಹೇಗೆ? 2006ರಲ್ಲಿ ಇದರ ಗುಟ್ಟು ಬಯಲಾಯಿತು: ನಾಳ ಬೆಳೆಸುವ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ಇನ್ನೊಂದು ಪ್ರೋಟೀನನ್ನು ಕಾರ್ನಿಯಾ ತಾನೇ ತಯಾರಿಸಿಕೊಳ್ಳುತ್ತದೆ. ಅಮೆರಿಕದ ತೀರದ ಮ್ಯಾನಟೀ ಎಂಬ ಜಲಚರ, ನಮ್ಮ ಕಡಲಹಸುವಿನ ದಾಯಾದಿ, ಅದರ ಕಾರ್ನಿಯಾದಲ್ಲಿ ಮಾತ್ರ ಈ ಕಾವಲುಗಾರನಿಲ್ಲ. ಅಲ್ಲಿ ರಕ್ತನಾಳಗಳು ತುಂಬಿಕೊಂಡಿವೆ.

ಇಷ್ಟೆಲ್ಲ ಕೇಳಿ, ಹನಿ ಹಿಡಿದೊಡನೆ ಕಣ್ಣಿನ ಜಾತಕ ಸಿಕ್ಕಿತೆಂದು ತಿಳಿಯಬೇಡಿ. ತೊಡಕುಗಳು ಬಹಳ. ಸುಟ್ಟ ಕಣ್ಣಿನಲ್ಲಿ ನೀರಿನ ಗ್ರಂಥಿಯ ಬಾಯಿಗಳು ಗಾಯದ ಕಲೆಯಿಂದ ಮುಚ್ಚಿಹೋಗಿರಬಹುದು. ಹನಿಯೇ ಸಿಗದೆ ಹೋಗಬಹುದು. ನೀರು ಕಡಿಮೆಯಾದರೆ ಅದರಲ್ಲಿರುವುದೆಲ್ಲ ಗಾಢವಾಗಿ ಕಾಣುತ್ತದೆ, ಬತ್ತಿಸಿದ ಸಾರಿನಲ್ಲಿ ಉಪ್ಪು ಹೆಚ್ಚಿದಂತೆ ತೋರುವುದಿಲ್ಲವೇ? ಉಪ್ಪು ಹೆಚ್ಚಾದದ್ದೋ ನೀರು ಕಡಿಮೆಯಾದದ್ದೋ ವಿವೇಚಿಸಬೇಕು. ಕಾಗದ ಚುಚ್ಚಿ ಕಣ್ಣು ಧಾರಾಕಾರವಾಗಿ ಸುರಿದರೆ ಎಲ್ಲವೂ ತೆಳುವಾಗುತ್ತದೆ. ನಿದ್ದೆಯಿಂದ ಎದ್ದಾಗಿನ ಕಣ್ಣೀರು ಬೇರೆ, ಹಗಲಿನದು ಬೇರೆ. ಒಂದು ಕಣ್ಣು ಸುಟ್ಟವರಲ್ಲಿ ಇನ್ನೊಂದು ಕಣ್ಣನ್ನು ಅಳತೆಗೋಲಾಗಿ ಹಿಡಿಯೋಣವೆಂದರೆ, ಒಂದೇ ಶರೀರದ ಆ ಕಣ್ಣು ಪೂರ್ತಿ ತಟಸ್ಥವೆಂದು ಯಾರು ಹೇಳಬಲ್ಲರು? ಆದ್ದರಿಂದ ಬೇರೆ ಆರೋಗ್ಯವಂತರ ಕಣ್ಣೀರನ್ನೂ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಹಾಗಾದರೆ ಈ ಕಷ್ಟವೆಲ್ಲ ಏತಕ್ಕೆ ಎನ್ನುವಿರಾ? ಶಸ್ತ್ರಚಿಕಿತ್ಸೆಗೆ ಕಾಲ ನಿರ್ಣಯಿಸಲು. ಸುಟ್ಟುಹೋದ ಸಸಿಮಡಿಯನ್ನು ಇಂದು ಮತ್ತೆ ಹೂಡಬಹುದು. ಒಳ್ಳೆಯ ಕಣ್ಣಿನ ಅಂಚಿನಿಂದ ಚೂರು ತೆಗೆದು ನಾಟಿಮಾಡುವ ಕ್ರಮವನ್ನು 1989ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಟ್ಸೆಂಗ್ ಎಂಬವರು ವಿವರಿಸಿದರು. 2012ರಲ್ಲಿ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು ಅದನ್ನು ಬಹಳ ಸುಲಭಗೊಳಿಸಿದರು: ಸುಮಾರು ಎರಡು ಮಿಲಿಮೀಟರಿನ ಚೂರನ್ನು ಇನ್ನೂ ಸಣ್ಣ ತುಣುಕುಗಳನ್ನಾಗಿ ಮಾಡಿ, ಸುಟ್ಟ ಕಣ್ಣನ್ನು ಶುಚಿಮಾಡಿ, ಹೆರಿಗೆಯ ಮಾಸಿನಿಂದ ತೆಗೆದ ತೆಳುಪೊರೆಯನ್ನು ಹಾಸಿ, ಅದರ ಮೇಲೆ ತುಣುಕುಗಳನ್ನು ಅಲ್ಲಲ್ಲಿ ಕೂರಿಸುವುದು. ದುಬಾರಿ ಪ್ರಯೋಗಶಾಲೆ ಬೇಡ. ಆದರೆ ಉರಿಯುವ ನೆಲದಲ್ಲಿ ಸಸಿ ನೆಟ್ಟರೆ ಬದುಕೀತೇ? ಅದಕ್ಕಾಗಿ ಕಣ್ಣು ಶಾಂತವಾಗುವವರೆಗೆ ವೈದ್ಯರು ತಿಂಗಳುಗಟ್ಟಲೆ ಕಾಯುತ್ತಾರೆ. ಶಾಂತವಾಯಿತೆಂದು ತೀರ್ಮಾನಿಸುವುದು ಕಣ್ಣಳತೆಯಿಂದ: ಕೆಂಪು ಇಳಿದಿದೆ, ಹುಣ್ಣು ಮುಚ್ಚಿದೆ ಎಂದು. ಮೇಲೆ ಬಿಳಿಯಾಗಿ ತೋರುವ ಕಣ್ಣಿನ ಕಂಬನಿಯಲ್ಲಿ ದೂತರೂ ಕತ್ತರಿಗಳೂ ಇನ್ನೂ ಓಡಾಡುತ್ತಿದ್ದರೆ? ಕೊಡಲು ರೋಗಿಯ ಬಳಿ ಇರುವುದು ಒಂದೇ ಒಳ್ಳೆಯ ಕಣ್ಣು. ಅದರ ಅಂಚಿನಿಂದ ಮತ್ತೆ ಮತ್ತೆ ಚೂರು ತೆಗೆಯುವಂತಿಲ್ಲ. ಇದಕ್ಕೇ ನಾನು ಈ ಸಂಶೋಧನೆಯನ್ನು ಪಂಡಿತರ ಕುತೂಹಲವೆಂದು ಎಣಿಸದೆ, ಅವಶ್ಯಕವೆಂದು ಭಾವಿಸುವುದು.

ಔಷಧದ ಆಯ್ಕೆಗೂ ಇದು ನೆರವಾದೀತು. ಕತ್ತರಿ ಕಿಣ್ವಗಳನ್ನು ಹತ್ತಿಕ್ಕಲು ಡಾಕ್ಸಿಸೈಕ್ಲಿನ್ ಕೊಡುವುದುಂಟು. ಒಳ್ಳೆಯ ಪ್ರೋಟೀನುಗಳು ಬತ್ತಿಹೋದ ಕಣ್ಣಿಗೆ ರೋಗಿಯ ಸ್ವಂತ ರಕ್ತದ ತಿಳಿಯನ್ನೇ ಹನಿಯಾಗಿ ಹಾಕುವ ಪದ್ಧತಿಯನ್ನು 1984ರಲ್ಲಿಯೇ ಒಣಗಣ್ಣಿನವರಿಗಾಗಿ ಆರಂಭಿಸಿದ್ದರು. ಕಣ್ಣೀರಿನಲ್ಲಿರುವ ಪೋಷಕ ಅಂಶಗಳಲ್ಲಿ ಹಲವು ರಕ್ತದಲ್ಲಿಯೂ ಇರುವುದರಿಂದ ಅದು ಹೊಂದುತ್ತದೆ. ಯಾರಿಗೆ ಯಾವುದು ಎಂಬುದನ್ನು ಈಗ ಅನುಭವದ ಮೇಲೆ ಹೇಳುತ್ತಾರೆ. ಮುಂದೆ ಕಣ್ಣೀರಿನ ಅಂಕಿಯ ಮೇಲೂ ಹೇಳುವಂತಾಗಬಹುದು.

ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್-9 ಒಂದನ್ನೇ ಹತ್ತು ನಿಮಿಷದಲ್ಲಿ ತೋರಿಸುವ ಪುಟ್ಟ ಪಟ್ಟಿಯೊಂದು ಆಗಲೇ ಬಳಕೆಯಲ್ಲಿದೆ. ಒಣಗಣ್ಣಿನವರಿಗಾಗಿ ಮಾಡಿದ್ದು ಅದು. ಒಂದು ಮಿಲಿಲೀಟರಿಗೆ 40 ನ್ಯಾನೊಗ್ರಾಮಿನಷ್ಟು ಇದ್ದರೆ ಕೆಂಪು ಗೆರೆ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಹೌದು, ಅಲ್ಲ ಎಂದು ಮಾತ್ರ ಹೇಳುತ್ತದೆ. ಎಷ್ಟು ಎಂದು ಹೇಳುವುದಿಲ್ಲ. ಹಳೆಯ ಸುಟ್ಟ ಕಣ್ಣಿಗೆ ಅಷ್ಟು ಸಾಲದು, ಹಲವು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯಬೇಕು, ಅದನ್ನೂ ತಿಂಗಳು ತಿಂಗಳು ಬಿಟ್ಟು ಮತ್ತೆ ಮತ್ತೆ ಅಳೆಯಬೇಕು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಹಳೆಯ ಗಾಯದವರಿದ್ದು, ಕಣ್ಣೀರಿನ ಪರೀಕ್ಷೆಗೆಂದು ವೈದ್ಯರು ಕರೆದರೆ ಹೆದರಬೇಕಾಗಿಲ್ಲ. ಕಾಗದ ತುಸು ಚುಚ್ಚಿದಂತಾಗುವುದು ಬಿಟ್ಟರೆ ನೋವಿಲ್ಲ. ದಿನವೂ ಹಾಕುವ ಔಷಧದ ಶೀಶೆಗಳನ್ನೆಲ್ಲ ಜತೆಗೆ ಒಯ್ಯಲಿ. ಆ ಬೆಳಗ್ಗೆ ಹನಿ ಹಾಕಬೇಕೋ ಬಿಡಬೇಕೋ ಎಂಬುದನ್ನು ಹಿಂದಿನ ದಿನವೇ ಕೇಳಿಕೊಳ್ಳಲಿ. ಕಣ್ಣೀರಿನ ಬದಲು ಔಷಧವನ್ನೇ ಅಳೆದಂತಾಗಬಾರದಲ್ಲ.